ಪಟ್ಟಿಯಲ್ಲಿರುವ ಹೆಸರು, ಪಟ್ಟಿಯಲ್ಲಿಲ್ಲದ ಹೆಸರು



ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದು ಪತ್ರವನ್ನು ನಾವು ಓದಿ ಬದಿಗಿರಿಸಲಾಗಲಿಲ್ಲ. ಬರೆದವರು ಧಾರವಾಡದ ಕಡೆಯ ಓರ್ವ ತಾಯಿ. ಊರು, ಹೆಸರು ಬೇಡವೆಂದೂ ಉಳಿದುದನ್ನು ಬರೆಯಬಹುದೆಂದೂ ತಿಳಿಸಿದ್ದಾರೆ. ಮಗಳ ಎರಡನೆಯ ಬಾಣಂತನಕ್ಕೆಂದು ಅವರು ಅಮೆರಿಕದ ನ್ಯೂಜೆರ್ಸಿ ರಾಜ್ಯಕ್ಕೆ ಹೋಗಿ ಆರು ತಿಂಗಳು ಇದ್ದು ಬಂದವರು. ಒಂದು ಮಧ್ಯಾಹ್ನ ಅಳಿಯ ಕೆಲಸಕ್ಕೆ ಹೋಗಿದ್ದಾಗ, ಮಗಳು ಕೂಸಿನೊಡನೆ ನಿದ್ರಿಸುತ್ತಿದ್ದಾಗ, ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ಪೊಲೀಸ್ ಅಧಿಕಾರಿ! ತಮ್ಮ ವೀಸಾ ಕಾಗದದಲ್ಲಿ ಏನೋ ದೋಷವಾಗಿರಬೇಕೆಂದು ಈ ತಾಯಿಯ ಎದೆ ಡವಗುಟ್ಟಿತಂತೆ. ಅಧಿಕಾರಿ ಸೌಮ್ಯವಾಗಿಯೇ ಮಾತನಾಡಿ, ಮಗಳನ್ನು ಎಬ್ಬಿಸಿ ಕರೆಸಿಕೊಂಡು, ಭಾವಚಿತ್ರವಿದ್ದ ಒಂದು ಹಾಳೆಯನ್ನು ಕೊಟ್ಟು ಹೋದರು. ಎರಡು ಬೀದಿ ಆಚೆ ವಾಸಕ್ಕೆ ಬಂದಿರುವ ವ್ಯಕ್ತಿಯೊಬ್ಬ ಹಿಂದೆ ಲೈಂಗಿಕ ಅಪರಾಧದಲ್ಲಿ ಶಿಕ್ಷೆಗೊಳಗಾದವನು, ನಿಮಗೆ ತಿಳಿದಿರಲಿ, ಎಂಬುದು ಅದರ ಸಾರಾಂಶ.

"ಆ ದೇಶದಾಗ ಇಂಥವರ ಪಟ್ಟಿ ಇರತದಂತ. ಯಾರು ಬೇಕಾದರೂ ಹುಡುಕಿ ನೋಡಬಹುದಂತ. ಅದು ಹ್ಯಾಂಗ? ನಮ್ಮಲ್ಲಿ ಯಾಕಿಲ್ಲ?" ಎಂದು ಅವರು ಕೇಳಿದ್ದಾರೆ. ಪತ್ರದ ತುದಿಯಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಇಂದು ನಮ್ಮ ಎಷ್ಟೋ ಮನೆಗಳ ಹಿರಿಯರು ಮೊಮ್ಮಕ್ಕಳ ಪಾಲನೆಗೆಂದು ಆ ನಾಡಿಗೆ ಹೋಗಿಬರುತ್ತಿರುವುದರಿಂದ ಈ ವಿಷಯ ತಿಳಿದಿರುವುದು ಒಳ್ಳೆಯದು. ಮಕ್ಕಳ ಪತ್ರಿಕೆಯನ್ನೂ ಓದುವ ಮನೆಗಳಲ್ಲಿ ಇಂಥ ಮಾತು ತರವೇ ಎಂದು ಕೆಲವರು ಮುಖ ಸಿಂಡರಿಸಬಹುದು. ಮಕ್ಕಳಿರುವ ಮನೆಗಳೆಂದೇ ಬರೆಯುತ್ತಿದ್ದೇವೆ.

ಪೊಲೀಸರು ಮನೆಬಾಗಿಲಿಗೆ ಬಂದು ಹೀಗೆ ತಿಳಿಸುವ ಪದ್ಧತಿಯನ್ನು ದೇಶಕ್ಕೆಲ್ಲ ಪ್ರಸಿದ್ಧಗೊಳಿಸಿದ್ದು ಅದೇ ನ್ಯೂಜೆರ್ಸಿ. 1994ರ ಜುಲೈ 29ರಂದು ಅಲ್ಲಿಯ ಹ್ಯಾಮಿಲ್ಟನ್ ಟೌನ್‌ಶಿಪ್ ಎಂಬಲ್ಲಿ ಮೇಗನ್ ಕಾಂಕಾ ಎಂಬ ಏಳು ವರ್ಷದ ಬಾಲಿಕೆಯನ್ನು ಎದುರುಮನೆಯವನೊಬ್ಬ ನಾಯಿಮರಿ ತೋರಿಸುವೆನೆಂದು ಕರೆದೊಯ್ದು, ಅತ್ಯಾಚಾರವೆಸಗಿ ಕೊಂದನು. ಅವನು ಅದಕ್ಕೂ ಮೊದಲು ಎರಡು ಬಾರಿ ಪುಟ್ಟ ಹೆಣ್ಣುಮಕ್ಕಳ ಮೇಲಿನ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನು. ಅವನೊಡನೆ ಅದೇ ಮನೆಯಲ್ಲಿದ್ದ ಇನ್ನಿಬ್ಬರೂ ಅಂಥವರೇ. ಬೀದಿಯವರಿಗೆ ಇದಾವುದೂ ತಿಳಿದಿರಲಿಲ್ಲ. ತಿಳಿದಿದ್ದರೆ ಮಗಳು ಆ ಹೊಸ್ತಿಲು ತುಳಿಯುತ್ತಿರಲಿಲ್ಲವೆಂದು ತಂದೆತಾಯಿಗಳು ಊರೂರು ತಿರುಗಿ ಹೇಳಿದರು. ಮೂರು ತಿಂಗಳು ಕಳೆಯುತ್ತಲೇ, ಅಕ್ಟೋಬರ್ 31ರಂದು, ಆ ರಾಜ್ಯ 'ಮೇಗನ್ ಕಾನೂನು' ಜಾರಿಗೆ ತಂದಿತು. 1996ರ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿಯೊಂದಿಗೆ ಅದು ಇಡೀ ದೇಶಕ್ಕೆ ವಿಸ್ತರಿಸಿತು. ಆ ಎದುರುಮನೆಯನ್ನು ಕೆಡವಿ, ಆ ಜಾಗದಲ್ಲಿ ಮಗುವಿನ ಹೆಸರಿನ ಪುಟ್ಟ ಉದ್ಯಾನ ಮಾಡಿದ್ದಾರೆ.

ಪಟ್ಟಿ ಮಾತ್ರ ಅದಕ್ಕಿಂತ ಹಳೆಯದು. ಕ್ಯಾಲಿಫೋರ್ನಿಯಾ 1947ರಲ್ಲಿಯೇ ಇಂಥ ಅಪರಾಧಿಗಳ ನೋಂದಣಿ ಆರಂಭಿಸಿತ್ತು. ಆದರೆ ಅದು ಪೊಲೀಸರ ಉಪಯೋಗಕ್ಕಾಗಿ ಮಾಡಿದ್ದು. 1989ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಜೇಕಬ್ ವೆಟರ್ಲಿಂಗ್ ಎಂಬ ಹನ್ನೊಂದು ವರ್ಷದ ಬಾಲಕನ ಅಪಹರಣವಾದ ಮೇಲೆ, ಪ್ರತಿ ರಾಜ್ಯವೂ ನೋಂದಣಿ ಇಡಬೇಕೆಂಬ ಕೇಂದ್ರ ಕಾನೂನು ಅವನ ಹೆಸರಿನಲ್ಲಿ 1994ರಲ್ಲಿ ಬಂದಿತು. 2006ರ ಆಡಮ್ ವಾಲ್ಶ್ ಕಾನೂನು ಅಪರಾಧದ ತೀವ್ರತೆಗೆ ತಕ್ಕಂತೆ ಮೂರು ಶ್ರೇಣಿಗಳನ್ನು ವಿಧಿಸಿತು: ಮೊದಲ ಶ್ರೇಣಿಯವನು 15 ವರ್ಷ, ಎರಡನೆಯವನು 25 ವರ್ಷ, ಮೂರನೆಯವನು ಜೀವಮಾನವಿಡೀ ನೋಂದಣಿಯಲ್ಲಿರಬೇಕು. ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಎಂಬ ಕ್ರಮದಲ್ಲಿ ಖುದ್ದಾಗಿ ಹಾಜರಾಗಿ ವಿಳಾಸ, ಉದ್ಯೋಗದ ಸ್ಥಳ ಇತ್ಯಾದಿಗಳನ್ನು ದೃಢಪಡಿಸಬೇಕು. ಮನೆ ಬದಲಿಸಿದರೆ ತಿಳಿಸಬೇಕು. ತಿಳಿಸದಿದ್ದರೆ ಅದೇ ಬೇರೊಂದು ಅಪರಾಧ. ಆದರೆ ಎಲ್ಲ ರಾಜ್ಯಗಳೂ ಇದನ್ನೇ ಅಕ್ಷರಶಃ ಅನುಸರಿಸುವುದಿಲ್ಲ. ನ್ಯೂಜೆರ್ಸಿ ಅಪರಾಧಿಯಿಂದ ಮುಂದೆ ಒದಗಬಹುದಾದ ಅಪಾಯವನ್ನು ಅಳೆದು ಶ್ರೇಣಿ ಕೊಡುತ್ತದೆ. ಕಡಿಮೆ ಅಪಾಯದವನ ಮಾಹಿತಿ ಪೊಲೀಸರಲ್ಲಿಯೇ ಉಳಿಯುತ್ತದೆ. ಮಧ್ಯಮದವನ ವಿಷಯ ಶಾಲೆಗಳಿಗೂ, ಮಕ್ಕಳ ಹೊಣೆ ಹೊತ್ತ ನೋಂದಾಯಿತ ಸಂಸ್ಥೆಗಳಿಗೂ ಹೋಗುತ್ತದೆ. ಹೆಚ್ಚಿನ ಅಪಾಯದವನಾದರೆ ಪೊಲೀಸರೇ ಮನೆಮನೆಗೆ ಬರುತ್ತಾರೆ. ನಮ್ಮ ಪತ್ರಲೇಖಕಿ ಕಂಡದ್ದು ಈ ಮೂರನೆಯದನ್ನು.

ಇನ್ನು ನಿವಾಸಿಗಳು ಹುಡುಕುವ ಬಗೆ. ಅಂತರ್ಜಾಲದಲ್ಲಿ ಅಲ್ಲಿಯ ಕೇಂದ್ರ ನ್ಯಾಯ ಇಲಾಖೆಯ ಒಂದು ತಾಣವಿದೆ, ಎನ್‌.ಎಸ್‌.ಓ.ಪಿ.ಡಬ್ಲ್ಯೂ. ಡಾಟ್ ಗವ್ ಎಂಬುದು ಅದರ ವಿಳಾಸ. ಶುಲ್ಕವಿಲ್ಲ. 2005ರಲ್ಲಿ ಆರಂಭವಾದ ಇದಕ್ಕೆ ಡ್ರೂ ಷೋಡಿನ್ ಎಂಬ ವಿದ್ಯಾರ್ಥಿನಿಯ ಹೆಸರಿಟ್ಟಿದ್ದಾರೆ. 2003ರಲ್ಲಿ ನಾರ್ತ್ ಡಕೋಟ ರಾಜ್ಯದಲ್ಲಿ ಅವಳನ್ನು ಅಪಹರಿಸಿ ಕೊಂದವನ ಹೆಸರು ಗಡಿಯಾಚೆಯ ಮಿನ್ನೆಸೋಟದ ಪಟ್ಟಿಯಲ್ಲಿತ್ತು. ಒಂದು ರಾಜ್ಯದ ಪಟ್ಟಿಯನ್ನಷ್ಟೇ ನೋಡಿದರೆ ಸಾಲದೆಂಬ ಅರಿವಿನಿಂದ ಎಲ್ಲವನ್ನೂ ಒಂದೇ ಕಡೆ ಹುಡುಕುವ ವ್ಯವಸ್ಥೆಯಾಯಿತು. ಈ ತಾಣ ತನ್ನದೇ ದಾಖಲೆ ಇಟ್ಟುಕೊಳ್ಳುವುದಿಲ್ಲ. ರಾಜ್ಯಗಳ ಪಟ್ಟಿಗಳನ್ನು ಕೇಳಿ ಉತ್ತರ ತರುತ್ತದೆ. ಹೆಸರಿನಿಂದ ಹುಡುಕಬಹುದು, ಊರು ಅಥವಾ ಅಂಚೆ ಸಂಖ್ಯೆಯಿಂದ ಹುಡುಕಬಹುದು, ಇಲ್ಲವೆ ಮನೆಯ ವಿಳಾಸ ಬರೆದು ಸುತ್ತಲಿನ ಒಂದು, ಎರಡು, ಮೂರು ಮೈಲುಗಳ ಫಾಸಲೆಯಲ್ಲಿ ನೋಡಬಹುದು. ಹೆಸರಿನ ಮೇಲೆ ಒತ್ತಿದರೆ ಆಯಾ ರಾಜ್ಯದ ಪುಟ ತೆರೆದು ಭಾವಚಿತ್ರ, ವಿಳಾಸ, ಅಪರಾಧದ ವಿವರ ಕಾಣುತ್ತದೆ. ಒಂದೇ ಹೆಸರಿನವರು ಹಲವರಿರುವರಾದ್ದರಿಂದ ಭಾವಚಿತ್ರವನ್ನೂ ವಯಸ್ಸನ್ನೂ ತಾಳೆನೋಡದೆ ಯಾರ ಮೇಲೂ ಬೆರಳು ತೋರಬಾರದು. ಗಣಕಯಂತ್ರ ಬಾರದ ಹಿರಿಯರು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಬಹುದು. ನ್ಯೂಯಾರ್ಕ್ ರಾಜ್ಯದಲ್ಲಂತೂ ಕಡಿಮೆ ಅಪಾಯದ ಶ್ರೇಣಿಯವರು ತಾಣದಲ್ಲಿ ಕಾಣುವುದೇ ಇಲ್ಲ. ಅವರ ವಿಷಯ ತಿಳಿಯಲು ದೂರವಾಣಿಯನ್ನೇ ಮಾಡಬೇಕು. ಮಿನ್ನೆಸೋಟದಲ್ಲಿ ಅತಿ ಹೆಚ್ಚಿನ ಅಪಾಯದವರನ್ನಷ್ಟೇ ಸಾರ್ವಜನಿಕರಿಗೆ ತೋರಿಸುತ್ತಾರೆ. ಆದ್ದರಿಂದ ಹುಡುಕಿದಾಗ ಯಾರೂ ಸಿಗಲಿಲ್ಲವೆಂದರೆ ಬೀದಿ ಸುರಕ್ಷಿತವೆಂದು ಅರ್ಥವಲ್ಲ.

ಈ ಮಾಹಿತಿಯನ್ನು ಹಿಡಿದು ಯಾರನ್ನೂ ಪೀಡಿಸಕೂಡದೆಂಬ ಎಚ್ಚರಿಕೆ ಆ ತಾಣಗಳಲ್ಲಿ ಇರುತ್ತದೆ. ಅದು ಬರಿಯ ಔಪಚಾರಿಕ ಮಾತಲ್ಲ. 2006ರ ಏಪ್ರಿಲ್‌ನಲ್ಲಿ ಕೆನಡಾದ ಯುವಕನೊಬ್ಬ ಮೇನ್ ರಾಜ್ಯದ ಪಟ್ಟಿಯಿಂದ ವಿಳಾಸ ತೆಗೆದುಕೊಂಡು ಹೋಗಿ ಇಬ್ಬರನ್ನು ಅವರವರ ಮನೆಯಲ್ಲಿಯೇ ಗುಂಡಿಟ್ಟು ಕೊಂದನು. ಸತ್ತವರಲ್ಲಿ ಒಬ್ಬನ ಅಪರಾಧವೆಂದರೆ, ತಾನೇ ಎಳೆಯನಾಗಿದ್ದಾಗ, ಹದಿನಾರು ತುಂಬಲು ಕೆಲವೇ ದಿನಗಳಿದ್ದ ಗೆಳತಿಯೊಡನೆ ಇಟ್ಟುಕೊಂಡ ಸಂಬಂಧ. ಕ್ರೂರಿಯನ್ನೂ ಅವಿವೇಕಿಯನ್ನೂ ಒಂದೇ ಹಲಗೆಯ ಮೇಲೆ ಬರೆದರೆ ಹೀಗಾಗುತ್ತದೆ. ಮಯಾಮಿ ನಗರದಲ್ಲಿ ಶಾಲೆ ಮುಂತಾದ ಸ್ಥಳಗಳಿಂದ 2,500 ಅಡಿ ದೂರವಿರಬೇಕೆಂಬ ನಿಯಮದ ಫಲವಾಗಿ ಹತ್ತಾರು ಮಂದಿ ಕೆಲವು ವರ್ಷ ಒಂದು ಸೇತುವೆಯ ಕೆಳಗೆ ಬಿಡಾರ ಹೂಡಿದ್ದೂ ಉಂಟು. ಜೇಕಬ್‌ನ ತಾಯಿ ಪ್ಯಾಟಿ ವೆಟರ್ಲಿಂಗ್, ಮಗನ ಹೆಸರಿನ ಕಾನೂನಿಗಾಗಿ ದುಡಿದವರು, ಪಟ್ಟಿಗಳು ಈಗ ಅತಿಯಾಗಿ ಹಿಗ್ಗಿವೆಯೆಂದು ತಾವೇ ಬಹಿರಂಗವಾಗಿ ಹೇಳಿದ್ದಾರೆ. ಮಗನನ್ನು ಕಳೆದುಕೊಂಡ ತಾಯಿ ಹಾಗೆನ್ನುವಾಗ ಕೇಳದಿರಲಾಗದು.

ಪಟ್ಟಿಯಿಂದ ಅಪರಾಧ ಕಡಿಮೆಯಾಯಿತೇ? ಮೇಗನ್ ಕಾನೂನಿನ ತವರಾದ ನ್ಯೂಜೆರ್ಸಿಯಲ್ಲಿಯೇ 2008ರಲ್ಲಿ ಸರಕಾರದ ಧನಸಹಾಯದಿಂದ ನಡೆದ ಅಧ್ಯಯನ, ಶಿಕ್ಷೆ ಅನುಭವಿಸಿ ಬಂದವರು ಮತ್ತೆ ಅಪರಾಧವೆಸಗುವ ಪ್ರಮಾಣದಲ್ಲಿ ಈ ಕಾನೂನಿನಿಂದ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲವೆಂದಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಅಮೆರಿಕದ ನ್ಯಾಯಾಂಗ ಅಂಕಿಅಂಶ ಸಂಸ್ಥೆ 2000ದಲ್ಲಿ ಪ್ರಕಟಿಸಿದ ವರದಿಯಂತೆ, ಪೊಲೀಸರವರೆಗೆ ಬಂದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಗಳಲ್ಲಿ ಶೇಕಡಾ 34ರಷ್ಟನ್ನು ಎಸಗಿದವರು ಕುಟುಂಬದವರು, ಸುಮಾರು 59ರಷ್ಟನ್ನು ಪರಿಚಿತರು. ಪೂರ್ಣ ಅಪರಿಚಿತರ ಪಾಲು ಶೇಕಡಾ 7 ಮಾತ್ರ. ನ್ಯೂಜೆರ್ಸಿಯ ತಾಣದಲ್ಲಿ ಇನ್ನೊಂದು ಅಂಶವಿದೆ. ಓದಿದಾಗ ನಾವು ಸ್ತಬ್ಧರಾದೆವು. ಮಧ್ಯಮ ಅಪಾಯದ ಅಪರಾಧಿಯ ಏಕೈಕ ಅಪರಾಧ ತನ್ನ ರಕ್ತಸಂಬಂಧದ ಅಥವಾ ತನ್ನ ಆಶ್ರಯದಲ್ಲಿದ್ದ ಮಗುವಿನ ಮೇಲಿನದಾಗಿದ್ದರೆ, ಸಾಮಾನ್ಯವಾಗಿ ಅವನ ಹೆಸರು ಅಂತರ್ಜಾಲದ ಪಟ್ಟಿಗೆ ಏರುವುದಿಲ್ಲ. ಅವನ ಹೆಸರು ಹೊರಬಿದ್ದರೆ ಮಗುವಿನ ಗುರುತೂ ಹೊರಬೀಳುವುದು. ವಿನಾಯಿತಿ ಯುಕ್ತವೇ ಇರಬಹುದು. ಆದರೂ ಅತ್ಯಂತ ಸಾಮಾನ್ಯವಾದ ಅಪರಾಧವೇ ಹುಡುಕುವವನ ಕಣ್ಣಿಗೆ ಬೀಳದಂತಾಯಿತಲ್ಲವೇ?

ನಮ್ಮ ದೇಶದ ಮಾತು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವೆಂಬುದನ್ನು ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್ 20ರಂದು ಆರಂಭಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆರಂಭದಲ್ಲಿಯೇ ನಾಲ್ಕು ಲಕ್ಷಕ್ಕೂ ಮಿಗಿಲಾದ ನಮೂದುಗಳಿದ್ದವು. ಅದನ್ನು ತೆರೆಯುವ ಅಧಿಕಾರ ಪೊಲೀಸ್ ಮೊದಲಾದ ತನಿಖಾ ಸಂಸ್ಥೆಗಳಿಗೆ ಮಾತ್ರ. ಆದ್ದರಿಂದ ನಮ್ಮ ಸೋದರಿ ಧಾರವಾಡದಲ್ಲಿ ಕುಳಿತು ತಮ್ಮ ಬೀದಿಯನ್ನು ಹುಡುಕಿ ನೋಡಲಾರರು. ಮೇನ್ ರಾಜ್ಯದ ಕಥೆ ಕೇಳಿದ ಮೇಲೆ ಈ ಸಂಯಮ ನಮಗೆ ತಪ್ಪೆನಿಸುವುದಿಲ್ಲ. ನಮ್ಮಲ್ಲಿ ಬರಿಯ ಗಾಳಿಸುದ್ದಿಗೇ ಜನ ಗುಂಪುಗೂಡಿ ಬಡಿಯುವುದುಂಟು. ಆದರೆ ಪಾಲಕರು ಮಾಡಬಹುದಾದ ಕೆಲಸವೊಂದಿದೆ. ಮಕ್ಕಳೊಡನೆ ನಿತ್ಯ ಸಂಪರ್ಕವಿರುವ ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರ ಮುಂತಾದ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರಿಂದ ಕಾಲಕಾಲಕ್ಕೆ ಪರಿಶೀಲಿಸಿಕೊಳ್ಳಬೇಕೆಂದು 2020ರ ಪೋಕ್ಸೋ ನಿಯಮಗಳು ವಿಧಿಸಿವೆ. ಮಗುವನ್ನು ಸೇರಿಸುವಾಗ ಶುಲ್ಕದ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು, ವಾಹನಚಾಲಕನ ಪರಿಶೀಲನೆಯಾಗಿದೆಯೇ ಎಂಬ ಹನ್ನೊಂದನೆಯದನ್ನೂ ಕೇಳಬಹುದು. ಕೇಳಿದರೆ ಯಾರೂ ಬೇಸರಿಸಬೇಕಾಗಿಲ್ಲ.

ಈಗ ಬೇರೆ ಶಾಯಿಯ ಪ್ರಶ್ನೆ. "ನಮ್ಮ ಬಂಧುಗಳೊಳಗ ಒಬ್ಬರದಾರ. ಅವರ ಬಗ್ಗೆ ನನಗ ಇಪ್ಪತ್ತು ವರ್ಷದಿಂದ ಸಂಶಯ ಐತಿ. ಹಿರೇರು ಮನೆತನದ ಮರ್ಯಾದಿ ಅಂದು ಬಾಯಿ ಮುಚ್ಚಿಸಿದರು. ಅವರ ಹೆಸರು ಯಾವ ಪಟ್ಟಿಯೊಳಗ ಐತಿ?"

ಯಾವ ಪಟ್ಟಿಯಲ್ಲಿಯೂ ಇಲ್ಲ, ತಾಯಿ. ದೂರಿಲ್ಲದೆ ಮೊಕದ್ದಮೆಯಿಲ್ಲ, ಮೊಕದ್ದಮೆಯಿಲ್ಲದೆ ಶಿಕ್ಷೆಯಿಲ್ಲ, ಶಿಕ್ಷೆಯಾಗದೆ ಅಮೆರಿಕದಲ್ಲಿಯೂ ಪಟ್ಟಿಗೆ ಹೆಸರು ಸೇರದು. ನಮ್ಮ ಅಪರಾಧ ದಾಖಲೆಗಳಂತೆಯೂ ಪೋಕ್ಸೋ ಕಾಯ್ದೆಯ ಗಂಭೀರ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. 2007ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮೀಕ್ಷೆಯಲ್ಲಿ, ನೊಂದ ಮಕ್ಕಳಲ್ಲಿ ಹೆಚ್ಚಿನವರು ಯಾರಿಗೂ ಹೇಳಿಯೇ ಇರಲಿಲ್ಲವೆಂದು ಕಂಡುಬಂದಿತು. ಹೇಳಿದ ಮಗುವಿಗೆ "ಸುಮ್ಮನಿರು" ಎಂಬ ಉತ್ತರ ಸಿಗುವ ಮನೆಗಳು ನಮ್ಮ ಸಮಾಜದಲ್ಲಿ ಇಲ್ಲವೆಂದು ನಾವು ಹೇಳಲಾರೆವು.

2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯ್ದೆ ಈ ಮೌನವನ್ನು ಒಪ್ಪುವುದಿಲ್ಲ. ಮಗುವಿನ ಮೇಲೆ ಇಂಥ ಅಪರಾಧ ನಡೆದುದು ತಿಳಿದ ಯಾರೇ ಆಗಲಿ, ಬಂಧುವೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ದಂಡನೆಯುಂಟು. ಠಾಣೆಯ ಮೆಟ್ಟಿಲು ಹತ್ತಲು ಮಗುವಿಗೆ ಭಯವಾದೀತೆಂಬ ಅಳುಕೂ ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲಿಯೇ, ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕೆಂದು ಕಾಯ್ದೆಯಲ್ಲಿದೆ. ಮಗುವಿನ ಹೆಸರು ಪತ್ರಿಕೆಗಳಲ್ಲಿ ಬರುವಂತಿಲ್ಲ. ಎಲ್ಲಿ ಆರಂಭಿಸಬೇಕೆಂದು ತೋಚದವರು 1098ಕ್ಕೆ ಕರೆಮಾಡಿದರೆ ಮಕ್ಕಳ ಸಹಾಯವಾಣಿ ದಾರಿ ತೋರುತ್ತದೆ.

ಇಷ್ಟನ್ನು ನಾವು ಆ ತಾಯಿಗೆ ಅಂಚೆಯಲ್ಲಿ ಬರೆದು ಕಳುಹಿಸಿದೆವು. ಮಗಳನ್ನು ಮೊದಲು ಕೇಳಿರಿ ಎಂದೂ ಸೇರಿಸಿದೆವು. ಈ ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಅವರ ಎರಡನೆಯ ಪತ್ರ ಬಂದಿತು. ದೂರವಾಣಿಯಲ್ಲಿ ಬಹಳ ಹೊತ್ತು ತಡವರಿಸಿ ಆ ಬಂಧುವಿನ ಹೆಸರನ್ನೆತ್ತಿದಾಗ, ಅತ್ತಲಿಂದ ಮಗಳು, "ಅವ್ವಾ, ನಿನಗ ಗೊತ್ತಿತ್ತ?" ಎಂದು ಕೇಳಿದಳಂತೆ. ದೂರು ಕೊಡುವ ವಿಚಾರವಾಗಿ ವಕೀಲರೊಬ್ಬರನ್ನು ಕಾಣಲಿದ್ದಾರೆ. ಶ್ರಾವಣದಲ್ಲಿ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಮಗಳು ಬರುತ್ತಾಳೆ. ಕರೆಯಬೇಕಾದವರ ಯಾದಿಯನ್ನು ತಾಯಿಯೇ ಹೊಸದಾಗಿ ಬರೆದಿದ್ದಾರೆ. ಆ ಒಂದು ಹೆಸರು ಅದರಲ್ಲಿಲ್ಲ.