ಎಲ್ಲಾ ಕುಕ್ಕರಿಗೂ ಒಂದ ಗ್ಯಾಸ್ಕೆಟ್ ಬರೂದಿಲ್ರಿ

ಮೊನ್ನೆ ಶ್ರಾವಣ ಶುಕ್ರವಾರ ಅರಿಶಿಣ-ಕುಂಕುಮಕ್ಕ ಬಂದ ಎದುರುಮನಿ ವೈನಿ ಹೊಸ್ತಿಲಾ ದಾಟೂಕಿಂತ ಮದಲ ಕೇಳಿದ್ರು, "ಅಕ್ಕಾರ, ನಮ್ಮ ಲ್ಯಾಪ್‌ಟಾಪಿನ್ಯಾಗ ಮೂವತ್ತನಾಲ್ಕು ಡ್ರೈವರ್ ಹಳೇವಾಗ್ಯಾವಂತ್ರಿ. ಎಲ್ಲಾ ಕೆಂಪಗ ತೋರಸ್ಲಿಕತ್ತದ. ರೊಕ್ಕಾ ಕಟ್ಟಿದ್ರ ಒಂದ ಸಲಕ್ಕ ಎಲ್ಲಾ ಹೊಸಾವು ಮಾಡಿ ಕೊಡ್ತದಂತ. ಕಟ್ಟಲ್ಯೋ ಬ್ಯಾಡೋ?"

ನಾನು ಕೈಯಾಗ ಕುಂಕುಮದ ಭರಣಿ ಹಿಡಕೊಂಡ "ಬ್ಯಾಡ್ರಿ!" ಅಂತ ಎಷ್ಟು ಜೋರಾಗಿ ಅಂದೆ ಅಂದ್ರ, ದೇವರ ಮನ್ಯಾಗ ಜಪಾ ಮಾಡಕೋತ ಕೂತಿದ್ದ ನಮ್ಮ ಅತ್ತಿಯವರು "ಯಾರಿಗೆ ಏನಾತು?" ಅಂತ ಕೇಳಿದ್ರು.

ಒಬ್ಬರಿಗೆ ಹೇಳಿದ್ರ ಸಾಲೂದಿಲ್ಲ, ಎಲ್ಲಾರಿಗೂ ಬರದ ಬಿಡೂಣು ಅಂತ ಕೂತೇನಿ. ನಾನು ಪಿಯುಸಿ ಆರ್ಟ್ಸ್ ತನಕಾ ಕಲತಾಕಿ, ಕಂಪ್ಯೂಟರ್ ಪಂಡಿತಳು ಅಲ್ಲ. ಆದ್ರ ಈ ವಿಷಯದಾಗ ರೊಕ್ಕಾ ಕಳಕೊಂಡಾಕಿ, ಅದಕ್ಕ ಹೇಳೂ ಹಕ್ಕು ನನಗದ.

ನಮ್ಮ ನಾದಿನಿ ಅಮೇರಿಕಾದಾಗ ಇರ್ತಾಳ. ರವಿವಾರ ಮುಂಜಾನೆ, ಅಂದ್ರ ಅಕಿಗೆ ಶನಿವಾರ ರಾತ್ರಿ, ಲ್ಯಾಪ್‌ಟಾಪಿನ್ಯಾಗ ಅತ್ತಿಯವರ ಜೋಡಿ ಮಾತಾಡ್ತಾಳ. ಅತ್ತಿಯವರಿಗೆ ಕಿವಿ ಮಂದ. ದೊಡ್ಡ ಪರದೆಯೊಳಗ ಮಗಳ ತುಟಿ ನೋಡಿಕೋತ ಕೇಳಿದ್ರ ಅವರಿಗೆ ತಿಳೀತದ. ಮೊಬೈಲಿನ್ಯಾಗ ಮಾರಿನೂ ಸರಿಯಾಗಿ ಕಾಣೂದಿಲ್ಲ. ಎರಡು ವರ್ಷದ ಹಿಂದ ಒಂದ ರವಿವಾರ ಮಾರಿ ಕಾಣತದ, ತುಟಿ ಅಲ್ಲಾಡತಾವ, ದನಿನ ಇಲ್ಲ. ಅತ್ತಿಯವರು ಸೆರಗಲೆ ಕಣ್ಣ ಒರಸಕೊಂಡು "ನನ್ನ ಕಿವಿ ಪೂರ್ತಿ ಹೋದುವು ಕಾಣತದ" ಅಂದ್ರು. ನನಗ ಹೊಟ್ಟ್ಯಾಗ ಚುರ್ ಅಂತು.

ನಮ್ಮವರು ಲಗ್ನಕ್ಕ ಅಂತ ಊರಿಗೆ ಹೋಗಿದ್ರು. ಮಗಾ ಪುಣೆಯೊಳಗ, ಫೋನ್ ಮಾಡಿದ್ರ "ಅವ್ವಾ, ಆಮ್ಯಾಲೆ ಹೇಳ್ತೇನಿ" ಅಂತಾನ. ನನಗೂ ಒಂದಿಷ್ಟು ಹಟಾ ಬಂತು, ನಾನ ಸರಿ ಮಾಡ್ತೇನಿ ಅಂತ. ಲ್ಯಾಪ್‌ಟಾಪಿನ್ಯಾಗ ದನಿ ಬರೂದಿಲ್ಲ ಅಂತ ಹುಡುಕಿದೆ. ಎಲ್ಲಾಕಿಂತ ಮ್ಯಾಲೆ ಬಂದದ್ದು ಒಂದು ಜಾಹೀರಾತು. "ಫ್ರೀ ಸ್ಕ್ಯಾನ್" ಅಂತಿತ್ತು, ಒತ್ತಿದೆ. ಅರ್ಧಾ ನಿಮಿಷದಾಗ ಇಪ್ಪತ್ತೇಳು ಡ್ರೈವರ್ ಹಳೇವು ಅಂತ ಕೆಂಪು ಪಟ್ಟಿ ಬಂತು. ನೋಡೂದು ಫ್ರೀ, ಸರಿ ಮಾಡೂದಕ್ಕ ₹1,899. ಕಾರ್ಡ್ ನಂಬರ್ ಹಾಕೇ ಬಿಟ್ಟೆ.

ಅದು ಏನೇನೋ ಇಳಿಸಿಕೊಂಡು ಬಂದ್ ಮಾಡಿ ಚಾಲೂ ಮಾಡು ಅಂತು. ಚಾಲೂ ಮಾಡಿದ್ರ ದನಿ ಮದಲಿನ್ಹಂಗ ಇಲ್ಲ, ಮ್ಯಾಲೆ ವೈಫೈನೂ ಹೋತು! ಮದಲ ದನಿ ಅಷ್ಟ ಇರಲಿಲ್ಲ, ಈಗ ಮಾರಿನೂ ಇಲ್ಲ. ಎರಡು ರವಿವಾರ ಅತ್ತಿಯವರು ಮುಂಜಾನೆ ಜಳಕಾ ಮುಗಿಸಿ, ಇಸ್ತ್ರಿ ಸೀರಿ ಉಟಗೊಂಡು ಕರಿ ಪರದೆ ಮುಂದ ಕೂತು ಎದ್ದು ಹೋದ್ರು. ನಾನು ರೊಕ್ಕದ ಸುದ್ದಿ ಯಾರ ಮುಂದನೂ ಬಾಯಿ ಬಿಡಲಿಲ್ಲ.

ಕಡೀಕ ನಮ್ಮ ತಮ್ಮನ ಮಗ ಬಂದ. ಕೆಳಗ ಮೂಲ್ಯಾಗ ಇರೂ ಸ್ಪೀಕರ್ ಚಿತ್ರಾ ಒತ್ತಿ ನೋಡಿ ನಗಲಿಕ್ಕೆ ಹತ್ತಿದ. "ಅತ್ಯಾ, ನಿಮ್ಮ ದನಿ ಟಿವಿಗೆ ಹೋಗ್ಲಿಕತ್ತದ." ಹಿಂದಿನ ವಾರ ಲಗ್ನದ ವಿಡಿಯೋ ನೋಡಲಿಕ್ಕೆ ಲ್ಯಾಪ್‌ಟಾಪಿನಿಂದ ಟಿವಿಗೆ ವಾಯರ್ ಹಾಕಿದ್ವಿ, ತಗದ ಇರಲಿಲ್ಲ. ಟಿವಿ ಬಂದ್ ಇತ್ತು, ದನಿ ಮಾತ್ರ ಅಲ್ಲೇ ಹೋಗಿ ಕೂತಿತ್ತು. ವಾಯರ್ ತಗದ, ದನಿ ಬಂತು. ಡ್ರೈವರಿಗೆ ಏನೂ ಆಗಿರಲೇ ಇಲ್ಲ! ವೈಫೈ ಕೆಡಿಸಿದ್ದು ಮಾತ್ರ ನಾನು ರೊಕ್ಕಾ ಕೊಟ್ಟು ತಂದ ಔಷಧ. ಅವಾ ಡಿವೈಸ್ ಮ್ಯಾನೇಜರ್‌ದಾಗ ಹೋಗಿ, ವೈಫೈ ಹೆಸರಿನ ಮ್ಯಾಲೆ ಬಲಗಡೆ ಬಟನ್ ಒತ್ತಿ, ಪ್ರಾಪರ್ಟೀಸ್, ಆಮ್ಯಾಲೆ ಡ್ರೈವರ್ ಅನ್ನೂ ಕಡೆ "ರೋಲ್ ಬ್ಯಾಕ್ ಡ್ರೈವರ್" ಒತ್ತಿದ. ಹೊಸಾದು ಹೋಗಿ ಹಳೇದು ಬಂತು, ವೈಫೈ ಬಂತು. ಹತ್ತು ನಿಮಿಷದ ಕೆಲಸಾ.

ಅವತ್ತ ಅವನ್ನ ಬಿಡಲಿಲ್ಲ. ಗಿರಮಿಟ್ಟು ಮಾಡಿ ಕೊಟ್ಟು ಎಲ್ಲಾ ಕೇಳಿಕೊಂಡೆ. ಅದನ್ನ ನನ್ನ ಮಾತಿನ್ಯಾಗ ಹೇಳ್ತೇನಿ.

ಡ್ರೈವರ್ ಅಂದ್ರ ಒಂದು ನಮೂನಿ ದುಭಾಷಿ. ವಿಂಡೋಸಿನ ಭಾಷಾ ಬ್ಯಾರೆ. ಪ್ರಿಂಟರ್, ಸ್ಪೀಕರ್, ವೈಫೈ ಇವುಗಳ ಭಾಷಾ ಬ್ಯಾರೆ. ಮರಾಠಿ ಬೀಗರು ಬಂದಾಗ ನಮ್ಮ ಸೋದರತ್ತಿ ನಡುವ ಕೂತು ಅವರದು ಇವರಿಗೆ, ಇವರದು ಅವರಿಗೆ ಹೇಳತಿದ್ರಲ್ಲಾ, ಹಂಗ. ಒಂದೊಂದು ಸಾಮಾನಿಗೆ ಒಂದೊಂದು ದುಭಾಷಿ. ಕೊಂಕಣಿ ಬೀಗರ ನಡುವ ಮರಾಠಿಯಾಕೀನ್ನ ತಂದು ಕೂಡಿಸಿದ್ರ ಲಗ್ನ ಮುರೀತದ ಹೊರತು ಕೂಡೂದಿಲ್ಲ.

ಈ ದುಭಾಷಿಗಳು ಬಹಳಷ್ಟು ಹೊರಗ ಪಡಸಾಲ್ಯಾಗ ಕೂಡಾವಲ್ಲ. ಸೀದಾ ಅಡಗಿಮನಿ, ದೇವರಮನಿ ತನಕಾ ಹೋಗಾವು. ಆ ಒಳಗಿನ ಜಾಗಾಕ್ಕ ಕರ್ನಲ್ ಅಂತಾರ. ಬ್ಯಾರೆ ಯಾವುದರ ಆ್ಯಪ್ ಕೆಟ್ರ ಅದೊಂದು ಬಂದ್ ಆಗ್ತದ. ಕರ್ನಲ್‌ದಾಗ ಕೂತದ್ದು ಕೆಟ್ರ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತ ಬಿಡ್ತದ. 2024ರ ಜುಲೈ 19 ನೆನಪದ ಏನ್ರಿ? ಜಗತ್ತಿನ ತುಂಬ ವಿಮಾನ ನಿಂತು, ನಮ್ಮ ದೇಶದಾಗೂ ವಿಮಾನ ನಿಲ್ದಾಣದಾಗ ಕೈಲೆ ಬರದ ಬೋರ್ಡಿಂಗ್ ಪಾಸ್ ಕೊಟ್ರಲ್ಲಾ. ಅದು ಡ್ರೈವರ್ ಹೊಸಾದು ಮಾಡೂ ಸಾಧನ ಅಲ್ಲ, ಕ್ರೌಡ್‌ಸ್ಟ್ರೈಕ್ ಅನ್ನೂ ಹೆಸರಾದ ಕಂಪನಿಯ ಕಾವಲು ಸಾಫ್ಟ್‌ವೇರ್. ಆದ್ರ ಅದೂ ಕರ್ನಲ್‌ದಾಗ ಕೂತಿತ್ತು. ಅದರ ಒಂದು ಅಪ್‌ಡೇಟ್ ತಪ್ಪಿದ್ದಕ್ಕ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಬಿದ್ದುವು. ಅಂಥಾ ಕಂಪನಿ ಕೈಯಾಗ ಹಿಂಗಾದ್ರ, ಹೆಸರು ಕುಲಾ ಗೊತ್ತಿಲ್ಲದ ಜಾಹೀರಾತಿನಾಂವಗ ಒಳಗಿನ ಕೀಲಿಕೈ ಕೊಡೂದು ಎಷ್ಟು ಶಾಣ್ಯಾತನ?

ಇನ್ನ ಆ ಕೆಂಪು ಪಟ್ಟಿ. ನಮ್ಮ ಓಣ್ಯಾಗ ಮಿಕ್ಸರ್-ಕುಕ್ಕರ್ ರಿಪೇರಿ ಅಂತ ಕೂಗಕೋತ ಬರಾಂವ ಇದ್ದಾನಲ್ಲಾ, ಅವನ ಕೈಯಾಗ ಕುಕ್ಕರ್ ಕೊಟ್ಟು "ಎಲ್ಲಾ ಸರಿ ಅದ, ಒಳಗಿಡ್ರಿ ಬಾಯಾರ" ಅಂತ ಒಂದ ಸಲಾನರ ಅಂದಾನ ಏನು? ಗ್ಯಾಸ್ಕೆಟ್ ಹೋಗೇದ, ವಾಲ್ವ್ ಹೋಗೇದ, ಸೀಟಿ ಹೋಗೇದ. ಎಲ್ಲಾ ಅವನ ಚೀಲದಾಗ ತಯಾರ. ಪರೀಕ್ಷಾ ಮಾಡಾಂವನೂ ಅವನ, ಮಾರಾಂವನೂ ಅವನ. ಹಂಗಿದ್ದ ಮ್ಯಾಲೆ ಪರೀಕ್ಷಾದಾಗ ಪಾಸ್ ಹೆಂಗ ಮಾಡ್ತಾನ?

ಇದು ನನ್ನ ಒಬ್ಬಾಕಿ ಸಂಶಯ ಅಲ್ಲ. ಅಮೇರಿಕಾದಾಗ ಆಫೀಸ್ ಡಿಪೋ ಅಂತ ದೊಡ್ಡ ಅಂಗಡಿ. ಅಲ್ಲೆ ಗಿರಾಕಿಗಳ ಕಂಪ್ಯೂಟರ್ ಪುಕ್ಕಟ ತಪಾಸ ಮಾಡತಿದ್ರು. ಮದಲ ನಾಲ್ಕು ಪ್ರಶ್ನೆ ಕೇಳತಿದ್ರು. ಅದರಾಗ ಒಂದಕ್ಕ "ಹೌದು" ಅಂದ್ರ ಸಾಕು, ಯಂತ್ರ ಏನರ ನೋಡಲಿ ಬಿಡಲಿ, ಕಂಪ್ಯೂಟರಿಗೆ ರೋಗದ ಲಕ್ಷಣಾ ಅದ ಅಂತ ರಿಪೋರ್ಟ್ ಬರತಿತ್ತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಮಾಡಿತು. 2019ರಾಗ ಆ ಅಂಗಡಿಯವರು 2.5 ಕೋಟಿ ಡಾಲರ್, ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು 1 ಕೋಟಿ ಡಾಲರ್ ಕಟ್ಟಿ ಕೇಸ್ ಮುಗಿಸಿಕೊಂಡ್ರು.

"ಆದ್ರ ತಾರೀಖ ಹಳೇದ ಅದಲ್ಲರಿ, 2006 ಅಂತ ತೋರಸ್ತದ" ಅಂದ್ರು ವೈನಿ. ನನಗೂ ಮದಲ ಹಂಗ ಅನಿಸಿತ್ತು. ಇದರ ಗುಟ್ಟು ಕೇಳ್ರಿ. ವಿಂಡೋಸಿನ ಜೋಡಿ ಬರೂ ಮೈಕ್ರೋಸಾಫ್ಟಿನ ಸ್ವಂತ ಡ್ರೈವರುಗಳ ಮ್ಯಾಲೆ 21 ಜೂನ್ 2006 ಅಂತ ಬೇಕಂತನ ಹಾಕಿರ್ತಾರ. ಡ್ರೈವರ್ ಹೊಸಾದ ಇದ್ರೂ ತಾರೀಖ ಅದ. ಯಾಕಂದ್ರ, ಒಂದು ಸಾಮಾನಿಗೆ ಎರಡು ಡ್ರೈವರ್ ಸರೀಸಮ ಹೊಂದಿದ್ರ ವಿಂಡೋಸ್ ತಾರೀಖ ಹೊಸಾದು ಇದ್ದದ್ದನ್ನ ಆರಸ್ತದ. ಸಾಮಾನು ಮಾಡಿದ ಕಂಪನಿಯದ ಡ್ರೈವರ್ ಇದ್ರ ಅದಕ್ಕ ಮದಲ ಮಣಿ ಸಿಗಲಿ ಅಂತ ಮೈಕ್ರೋಸಾಫ್ಟಿನವರು ತಮ್ಮದಕ್ಕ ಹಳೇ ತಾರೀಖ ಇಟಗೊಂಡಾರ. ಮನಿ ಹಿರೇರು ಬಂದ ಪಾವಣ್ಯಾರಿಗೆ ಮದಲ ಬಡಿಸಿ ತಾವು ಹಿಂದ ಕೂಡೂ ಹಂಗ. ಇದನ್ನ ತಿಳೀದವರು ತಾರೀಖ ನೋಡಿ ಅಂಜತಾರ, ತಿಳಿದ ಮಾರಾಂವ ಅಂಜಸ್ತಾನ.

ಇನ್ನೊಂದು ಮಗ್ಗಲಾನೂ ಹೇಳಬೇಕು, ಇಲ್ಲಾಂದ್ರ ಅನ್ಯಾಯ ಆಗ್ತದ. ಇಂಥಾ ಎಲ್ಲಾ ಸಾಧನಾನೂ ಕಳ್ಳಂದ ಅಲ್ಲ. ರಿಪೇರಿ ಅಂಗಡಿ ಹುಡುಗರು ಹಳೇ ಕಂಪ್ಯೂಟರ್ ಪೂರ್ತಿ ತೊಳದು ವಿಂಡೋಸ್ ಹೊಸದಾಗಿ ಹಾಕಿದಾಗ, ಇಂಟರ್ನೆಟ್ ಇನ್ನೂ ಹತ್ತಿರೂದಿಲ್ಲ, ಮಾಡಿದ ಕಂಪನಿಯೂ ಆ ಮಾಡೆಲ್ ಮರತಿರ್ತದ. ಆವಾಗ ಪುಕ್ಕಟ ಸಿಗೂ ಒಂದೆರಡು ಸಾಧನಾ ಅವರಿಗೆ ಉಪಯೋಗ ಬೀಳತಾವ. ನನ್ನ ಅಳಿಯಾನೂ ಒಮ್ಮೊಮ್ಮೆ ಬಳಸ್ತಾನ. ಆದ್ರ ಅವಗ ಯಾವುದು ಹಾಕಬೇಕು, ಕೆಟ್ರ ಹೆಂಗ ವಾಪಸ್ ತಗೀಬೇಕು ಗೊತ್ತದ. ನಮಗ ನಡೀಲಿಕತ್ತ ಕಂಪ್ಯೂಟರ್ ನಡಕೋತ ಇದ್ರ ಸಾಕು. ಮತ್ತ ಹಳೇ ಡ್ರೈವರಿನ್ಯಾಗ ತೂತು ಇದ್ರ ಕಳ್ಳರು ಹೊಗತಾರ ಅನ್ನೂದೂ ಸುಳ್ಳಲ್ಲ. ಅದಕ್ಕ ಔಷಧ ವಿಂಡೋಸ್ ಅಪ್‌ಡೇಟ್. ಅದನ್ನ ಮಾತ್ರ ಬಂದ್ ಮಾಡಿ ಇಡಬ್ಯಾಡ್ರಿ.

ಹಂಗಾದ್ರ ಏನು ಮಾಡಬೇಕು? ನಾನು ಹಿಂಗ ಮಾಡ್ತೇನಿ.

ಮದಲ, ಕೆಟ್ಟದ ಏನು ಅಂತ ನೋಡೂದು. ವಾಯರ್ ಸರಿ ಅದಯೋ, ದನಿ ಎಲ್ಲೆ ಹೋಗ್ಲಿಕತ್ತದ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರ ಹೆಂಗ. ಅರ್ಧಾ ರೋಗ ಇಲ್ಲೇ ವಾಸಿ.

ಆಮ್ಯಾಲೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಶನ್ಸ್, ಆಪ್ಶನಲ್ ಅಪ್‌ಡೇಟ್ಸ್. ವಿಂಡೋಸ್ 11ರಾಗ ಡ್ರೈವರ್ ಇದ್ರ ಅಲ್ಲೆ ಕಾಣತಾವ. ಅವನ್ನೂ ಏನರ ತೊಂದರೆ ಇದ್ರ ಅಷ್ಟ ಹಾಕೋಬೇಕು. ಕೆನಿ ಕಟ್ಟೂ ಮುಂದ ಮೊಸರು ಕಲಿಸಬಾರದು.

ಅಲ್ಲೂ ಸಿಗಲಿಲ್ಲ ಅಂದ್ರ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಸ್ವಂತ ತಾಣಕ್ಕ ಹೋಗಿ, ಕೆಳಗಿನ ಚೀಟಿ ಮ್ಯಾಲಿರೂ ಮಾಡೆಲ್ ನಂಬರ್ ಹಾಕಿ ಹುಡುಕೂದು. ಡೆಲ್, ಎಚ್‌ಪಿ, ಲೆನೋವೊ ಇವರೆಲ್ಲಾ ತಮ್ಮ ತಮ್ಮ ಸಾಧನಾ ಪುಕ್ಕಟ ಕೊಡ್ತಾರ. ಆ ಕಂಪನಿ ಕುಕ್ಕರಿಗೆ ಆ ಕಂಪನಿ ಗ್ಯಾಸ್ಕೆಟ್, ಅಷ್ಟ. ಮಾಡೂಕಿಂತ ಮದಲ ಒಂದು ರಿಸ್ಟೋರ್ ಪಾಯಿಂಟ್ ಇಟಗೊಂಡ್ರ ಕೆಟ್ರೂ ವಾಪಸ್ ಬರಬಹುದು.

ಈಗಾಗಲೇ ರೊಕ್ಕಾ ಕಟ್ಟಿದವರು ಇದ್ರ, ಮುಂದಿನ ವರ್ಷ ತಾನ ಕಟ್ ಆಗೂ ಹಂಗ ಆಗೇದೇನು ನೋಡ್ರಿ. ನನಗೂ ವರ್ಷ ತುಂಬೂ ಹೊತ್ತಿಗೆ ಬ್ಯಾಂಕಿನ ಮೆಸೇಜ್ ಬಂತು. ಹಿಂಗ ತಾನ ಕಟ್ ಆಗೂ ರೊಕ್ಕಕ್ಕ 24 ತಾಸು ಮದಲ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಅದ. ಅದರಿಂದ ಎರಡನೇ ಸಲ ಉಳಕೊಂಡೆ. ಕಾರ್ಡಿನಿಂದ ಯಾರರ ಮೋಸ ಮಾಡಿ ರೊಕ್ಕಾ ಎಳಕೊಂಡ್ರ ತಡಾ ಮಾಡದ 1930ಕ್ಕ ಫೋನ್ ಮಾಡ್ರಿ, ಬ್ಯಾಂಕಿಗೂ ತಿಳಿಸ್ರಿ.

ಕಡೀದೊಂದು ಮಾತು. ನನ್ನ ₹1,899 ಹೋಗಿದ್ದು ಕಂಪ್ಯೂಟರ್ ತಿಳೀಲಾರದ್ದಕ್ಕ ಅಲ್ಲ. ಕೇಳಲಿಕ್ಕೆ ನಾಚಿಕಿ ಆಗಿದ್ದಕ್ಕ. "ಇಷ್ಟೂ ಬರೂದಿಲ್ಲೇನು" ಅಂತಾರ ಅನ್ನೂ ಅಂಜಿಕಿ. ಆ ಕೆಂಪು ಬಣ್ಣಾ ಕಾಯೂದು ಅದನ್ನ: ಮನ್ಯಾಗ ಒಬ್ಬಾಕಿನ ಇದ್ದಾಳ, ಯಾರನ್ನೂ ಕೇಳೂದಿಲ್ಲ, ಲಗೂನ ಒತ್ತತಾಳ. ಆರು ತಿಂಗಳಾದ ಮ್ಯಾಲೆ ನಮ್ಮವರ ಮುಂದ ಅಂಜಕೋತ ಹೇಳಿದೆ. ಅವರು ಕನ್ನಡಕಾ ತಗದು ಒರಸಕೋತ, ತಾವೂ ಅದಕ್ಕಿಂತ ಮದಲ "ಕಂಪ್ಯೂಟರ್ ಸ್ವಚ್ಛ ಮಾಡ್ತದ" ಅಂತ ಒಂದು ₹2,200ರದು ತಗೊಂಡಿದ್ದು ಹೇಳಿದ್ರು. ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟು ಒಂದ ಗುಂಡ್ಯಾಗ ಬಿದ್ದಿದ್ವಿ!

ಎದುರುಮನಿ ವೈನಿ ಜೋಡಿ ಅವತ್ತ ಸಂಜಿಕೆ ಹೋಗಿ ಆ ಕೆಂಪು ಪಟ್ಟಿಯ ಸಾಧನಾ ತಗದು ಹಾಕಿ ಬಂದೆ. ಅವರ ಲ್ಯಾಪ್‌ಟಾಪಿಗೆ ಏನ್ ಕೆಟ್ಟಿತ್ತು ಕೇಳಿದ್ರ, "ಏನೂ ಇಲ್ಲ, ಸುಮ್ನ ಬಂತು, ಅಂಜಿದೆ" ಅಂದ್ರು.

ನಿಮ್ಮ ಮನ್ಯಾಗೂ ಹಂಗ ಬಂದ್ರ, ಕಾರ್ಡ್ ತಗಿಯೂಕಿಂತ ಮದಲ ನನಗ ಒಂದ ಫೋನ್ ಹಾಕ್ರಿ. ನನಗ ತಿಳೀಲಿಲ್ಲ ಅಂದ್ರ ಅಳಿಯಾನ್ನ ಕೇಳೂಣು. ಅವಗ ಗಿರಮಿಟ್ಟು ಮಾಡಿ ಕೊಟ್ರ ಆತು.