ಸೀಸೆಯೂ ಔಷಧಿಯ ಭಾಗವೇ

ನಮ್ಮ ನಾನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ಬೆಳ್ಳಗೆ ಮಸುಕಾಗಿರುವ ಆ ಸೀಸೆಯನ್ನು ಕೆಮ್ಮಿನ ಸಿರಪ್ಪಿನ ಹಾಗೆ ಜೋರಾಗಿ ಅಲ್ಲಾಡಿಸಿ ಸಿರಿಂಜಿಗೆ ಎಳೆಯುವುದು ನನ್ನ ಕೆಲಸವಾಗಿತ್ತು. ಒಂದು ದಿನ ಮನೆಗೆ ಬಂದಿದ್ದ ಸಿಸ್ಟರ್ ಇದನ್ನು ನೋಡಿ, "ಹಾಗೆ ಅಲ್ಲಾಡಿಸಬಾರದು ಕಣಮ್ಮ, ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಉರುಳಿಸು" ಎಂದರು. ಯಾಕೆ ಎಂದು ಕೇಳಿದೆ. "ನಮಗೆ ಹಾಗೇ ಹೇಳಿಕೊಟ್ಟಿದ್ದಾರೆ" ಎಂದರು.

ಆ "ಯಾಕೆ"ಗೆ ಉತ್ತರ ಇದ್ದ ಅಧ್ಯಾಯವೇ ಈಗ ನಮ್ಮ ಪುಸ್ತಕದಲ್ಲಿಲ್ಲ. ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿದಾಗ ಹನ್ನೆರಡನೇ ತರಗತಿಯ ರಸಾಯನಶಾಸ್ತ್ರದಿಂದ "ಸರ್ಫೇಸ್ ಕೆಮಿಸ್ಟ್ರಿ" ಹೋಯಿತು. ಪರೀಕ್ಷೆಗೆ ಬಾರದ್ದನ್ನು ಯಾಕೆ ಓದಬೇಕು ಎಂದು ಕೇಳುವ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ನೀರನ್ನು ಇಷ್ಟಪಡದ ಭಾಗಗಳನ್ನು ಅದು ಆದಷ್ಟು ಒಳಗೆ ಮಡಚಿಕೊಂಡಿರುತ್ತದೆ. ಸೀಸೆಯನ್ನು ಕುಲುಕಿದಾಗ ಗಾಳಿಗುಳ್ಳೆಗಳು ಏಳುತ್ತವೆ. ಗುಳ್ಳೆಯ ಮೇಲ್ಮೈಗೆ ಬಂದ ಪ್ರೋಟೀನ್ ಮಡಿಕೆ ಬಿಚ್ಚಿಕೊಂಡು ಅಲ್ಲೇ ಅಂಟುತ್ತದೆ, ಒಂದಕ್ಕೊಂದು ಸೇರಿ ಗಂಟಾಗುತ್ತದೆ. ಗಂಟಾದ ಇನ್ಸುಲಿನ್ ಸಕ್ಕರೆ ಇಳಿಸುವುದಿಲ್ಲ. ಪ್ಲಾಸ್ಟಿಕ್ಕಿಗೂ ಇನ್ಸುಲಿನ್ ಹೀಗೇ ಅಂಟುತ್ತದೆ. ಅದಕ್ಕೇ ಆಸ್ಪತ್ರೆಗಳಲ್ಲಿ ಇನ್ಸುಲಿನ್ ಡ್ರಿಪ್ ಹಾಕುವ ಮೊದಲು ಸುಮಾರು 20 ಮಿ.ಲೀ. ದ್ರವವನ್ನು ಕೊಳವೆಯಲ್ಲಿ ಹರಿಸಿ ಚೆಲ್ಲುವ ಪದ್ಧತಿಯಿದೆ. ಕೊಳವೆಯ ಗೋಡೆ ತನ್ನ ಪಾಲು ತೆಗೆದುಕೊಂಡ ಮೇಲೆ ರೋಗಿಗೆ ಸರಿಯಾದ ಪ್ರಮಾಣ ಸಿಗುತ್ತದೆ. ಸ್ಪಂಜು ನೀರನ್ನು ಒಳಗೆ ಹೀರುವುದು ಬೇರೆ, ಬಸ್ಸಿನ ಗಾಜಿನ ಮೇಲೆ ಧೂಳು ಕೂರುವುದು ಬೇರೆ. ಹೀಗೆ ಮೇಲ್ಮೈಯಲ್ಲಿ ಕೂರುವುದಕ್ಕೇ ಅಡ್ಸಾರ್ಪ್ಶನ್ ಎನ್ನುವುದು.

ಇದು ಬರೀ ಪ್ರಮಾಣದ ಮಾತಲ್ಲ. ಮೂತ್ರಪಿಂಡದ ಕಾಯಿಲೆಯವರಿಗೆ ರಕ್ತ ಹೆಚ್ಚಿಸಲು ಕೊಡುವ ಎಪ್ರೆಕ್ಸ್ ಎಂಬ ಚುಚ್ಚುಮದ್ದಿದೆ. 1998ರಲ್ಲಿ ಯುರೋಪಿನಲ್ಲಿ ಅದರಲ್ಲಿದ್ದ ಆಲ್ಬುಮಿನ್ ತೆಗೆದು ಪಾಲಿಸಾರ್ಬೇಟ್ 80 ಸೇರಿಸಿದರು. ನಂತರದ ವರ್ಷಗಳಲ್ಲಿ ಕೆಲವು ರೋಗಿಗಳ ದೇಹ ಆ ಔಷಧಿಯ ವಿರುದ್ಧವೇ ಪ್ರತಿಕಾಯ ತಯಾರಿಸಿತು, ಅವರ ಮೂಳೆಮಜ್ಜೆ ಕೆಂಪು ರಕ್ತಕಣ ಮಾಡುವುದನ್ನೇ ನಿಲ್ಲಿಸಿತು. ಸಿರಿಂಜಿನ ರಬ್ಬರಿನಿಂದ ಔಷಧಿಗೆ ಇಳಿದ ರಾಸಾಯನಿಕಗಳೇ ಕಾರಣ ಎಂಬುದು ಬಲವಾದ ಅನುಮಾನಗಳಲ್ಲಿ ಒಂದು. ಮುಂದೆ ಲೇಪನವಿರುವ ರಬ್ಬರ್ ಬಳಕೆಗೆ ಬಂತು.

ಹಿಂದೆ ಇನ್ಸುಲಿನ್ ದನ, ಹಂದಿಗಳ ಮೇದೋಜೀರಕದಿಂದ ಬರುತ್ತಿತ್ತು. ಅದು ಹಲಾಲೋ ಹರಾಮೋ ಎಂಬ ಪ್ರಶ್ನೆ ನಮ್ಮಂಥ ಮನೆಗಳಲ್ಲಿ ಏಳುವುದು ಸಹಜವೇ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಲ್ಲಿ ತಯಾರಿಸಿದ ಇನ್ಸುಜೆನ್ ಎಂಬ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಔಷಧಿಯೊಳಗೆ ಏನಿದೆ ಎಂದು ಕೇಳುವುದು ಒಳ್ಳೆಯದೇ. ಅದನ್ನು ಹಿಡಿದಿರುವ ಗಾಜು, ರಬ್ಬರ್, ಪ್ಲಾಸ್ಟಿಕ್ ಏನು ಮಾಡುತ್ತಿವೆ ಎಂದೂ ಅಷ್ಟೇ ಆಸಕ್ತಿಯಿಂದ ಕೇಳಬೇಕು.

ಕೇಳುವವರು ಯಾರು? ಡಾಕ್ಟರ್ ಆಗಬೇಕೆಂದು ಸೈನ್ಸ್ ತೆಗೆದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಸೀಟು ಎಲ್ಲರಿಗೂ ಸಿಗುವುದಿಲ್ಲ. ಆದರೆ ಔಷಧಿಗೆ ತಕ್ಕ ಸೀಸೆ, ಸಿರಿಂಜು, ಪೆನ್ನು ಯಾವುದು ಎಂದು ಪರೀಕ್ಷಿಸುವ ಕೆಲಸಕ್ಕೆ ಬಿ.ಫಾರ್ಮಾ ಓದಿದವರೂ ಬೇಕು, ಕೆಮಿಸ್ಟ್ರಿ ಓದಿದವರೂ ಬೇಕು. ಅದೂ ರೋಗಿಯ ಸೇವೆಯೇ.

ನಮ್ಮ ಉಪನ್ಯಾಸಕರಲ್ಲಿ ಒಂದು ಮನವಿ. ಸಿಲೆಬಸ್ ಮುಗಿದ ಮೇಲೆ ಒಂದೇ ಒಂದು ಪೀರಿಯಡ್ ಈ ಅಧ್ಯಾಯಕ್ಕೆ ಕೊಡಿ. ಬಣ್ಣದ ನೀರಿಗೆ ಸಕ್ರಿಯ ಇದ್ದಿಲ ಪುಡಿ ಹಾಕಿ ಸೋಸಿದರೆ ಬಣ್ಣ ಮಾಯವಾಗುವುದನ್ನು ಲ್ಯಾಬಿನಲ್ಲೇ ನೋಡಬಹುದು. ಅಂಕ ಬಾರದಿದ್ದರೂ ಪರವಾಗಿಲ್ಲ. ಈ ಕಾಲೇಜಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿಲ್ಲದ ಮನೆಯಿಂದ ಬರುವವರು ಎಷ್ಟು ಮಂದಿ ಇದ್ದೇವೆ?

ನಾನಿಯ ಸೀಸೆಯನ್ನು ನಾನೀಗ ಉರುಳಿಸುತ್ತೇನೆ. ಯಾಕೆ ಎಂದು ನನ್ನ ತಮ್ಮ ಕೇಳಿದರೆ ಹೇಳಲು ಉತ್ತರವೂ ಇದೆ.