ಜೂಜಿನ ಚಿತ್ರಕ್ಕೆ ಗಣಿತದ ಆಕ್ಷೇಪ

ನಾರ್ಮನ್ ಜೂಯಿಸನ್ನರು ನಿರ್ದೇಶಿಸಿ 1965ರಲ್ಲಿ ತೆರೆಕಂಡ ‘ದಿ ಸಿನ್ಸಿನಾಟಿ ಕಿಡ್’ ಎಂಬ ಅಮೆರಿಕದ ಚಲಚ್ಚಿತ್ರವನ್ನು, ನಾಲ್ಕು ವರ್ಷ ಮೊದಲೇ ಬಂದು ಕೀರ್ತಿ ಪಡೆದಿದ್ದ ‘ದಿ ಹಸ್ಲರ್’ನ ಛಾಯೆಯೆಂದು ವಿಮರ್ಶಕರಲ್ಲಿ ಹಲವರು ಎಣಿಸಿದರು. ಹೋಲಿಕೆ ಇಲ್ಲದಿಲ್ಲ. ಪೋಕರ್ ಬಲ್ಲವರ ಆಕ್ಷೇಪವಾದರೋ ಬೇರೆಯದು: ಕಡೆಯ ಆಟದಲ್ಲಿ ಸ್ಟೀವ್ ಮೆಕ್ವೀನರ ತರುಣನ ಕೈಯಲ್ಲಿ ಮೂರು ಎಕ್ಕಗಳೂ ಎರಡು ಹತ್ತುಗಳೂ ಇರಲಾಗಿ, ಎಡ್ವರ್ಡ್ ಜಿ. ರಾಬಿನ್ಸನ್ನರ ವೃದ್ಧ ಲ್ಯಾನ್ಸಿ ಡೈಮಂಡಿನ ಎಂಟರಿಂದ ರಾಣಿಯವರೆಗೆ ಅನುಕ್ರಮವಾಗಿ ಐದು ಎಲೆಗಳನ್ನು ತೆರೆದಿಡುವುದು ಸಂಭಾವ್ಯತೆಯ ಗಣಿತಕ್ಕೆ ಅಪಚಾರವೆಂದು ಅವರ ವಾದ. ಗಣಿತದ ಮಟ್ಟಿಗೆ ಅವರು ಹೇಳುವುದು ದಿಟ. ಆದರೆ ತನಗೆ ಅನುಕೂಲವಾಗುವಂತೆ ಎಲೆ ಹಂಚುತ್ತಿದ್ದ ಮಿತ್ರನ ಕಪಟವನ್ನು ಅರಿತು, ಅದನ್ನು ನಿರಾಕರಿಸಿ, ಶುದ್ಧವಾದ ಆಟವನ್ನೇ ಆಡುವೆನೆಂದು ಹಟಹಿಡಿದ ತರುಣನು, ಯಾವ ವಿವೇಕಿಯೂ ಕೈಬಿಡಲಾರದಂತಹ ಎಲೆಗಳನ್ನು ಹಿಡಿದೇ ಸೋಲಬೇಕಾದುದು ಈ ಕಥೆಯ ಮರ್ಮವಾಗಿರುವಾಗ, ಸಾಧಾರಣವಾದೊಂದು ಸೋಲಿನಿಂದ ಆ ಕ್ರೌರ್ಯವು ಸಿದ್ಧಿಸುತ್ತಿರಲಿಲ್ಲ. (ಶಕುನಿಯ ಪಗಡೆಯನ್ನು ಬಲ್ಲ ನಮ್ಮವರಿಗೆ, ಮೋಸವಿಲ್ಲದೆಯೂ ಸರ್ವಸ್ವ ಹೋಗುವ ಈ ಜೂಜು ಇನ್ನಷ್ಟು ದಾರುಣವಾಗಿ ತೋರೀತು.) ಪ್ರೇಮಪ್ರಸಂಗಗಳು ನೀರಸವೆಂಬ ದೂರನ್ನು ನಾನೂ ಒಪ್ಪುತ್ತೇನೆ. ಆದರೂ ರಾಬಿನ್ಸನ್ನರ ಆ ನಿರುದ್ವಿಗ್ನ ಮುಖಮುದ್ರೆಯೊಂದಕ್ಕಾಗಿಯಾದರೂ ಈ ಚಿತ್ರವನ್ನು ನೋಡತಕ್ಕದ್ದು.